ವಂಶವಾಹಿ ಪರೀಕ್ಷೆಯಲ್ಲಿ ಡಿಡಿ ಬಂದವರಿಗೆ ಉಪ್ಪು ಬಿಡುವ ಅಗತ್ಯವಿಲ್ಲವೆ, ಐಐ ಬಂದವರು ಬಿಪಿ ಮಾತ್ರೆ ಬಿಡಬಹುದೆ?

ನೀರ್ಚಾಲು ಚಿಕ್ಕಪ್ಪ: ಬೆಂಗಳೂರಿನಲ್ಲಿರುವ ಮಗ ಎಂಜಲು ಕಳುಹಿಸಿ ಮಾಡಿಸಿಕೊಂಡ ವಂಶವಾಹಿ ಪರೀಕ್ಷೆಯ ವರದಿಯನ್ನು ನಮ್ಮ ಮನೆಯವರ ಈ ಗುಂಪಿನಲ್ಲಿ ಮೇಲೆ ಹಾಕಿದ್ದೇನೆ. ಮೂರನೆಯ ಪುಟದಲ್ಲಿ ‘ಎಸಿಇ: ಡಿಡಿ: ರಕ್ತದೊತ್ತಡದ ಅಪಾಯ ಹೆಚ್ಚು’ ಎಂದು ಕೆಂಪಕ್ಷರದಲ್ಲಿದೆ. ಅಜ್ಜನಿಗೂ ದೊಡ್ಡಣ್ಣನಿಗೂ ಬಿಪಿ ಇತ್ತು, ನನಗೂ ಇದೆ. ಇದು ಹುಟ್ಟಿನಿಂದಲೇ ಬಂದದ್ದೆಂದು ಗೊತ್ತಾದ ಮೇಲೆ, ಊಟಕ್ಕೆ ಕೂತಾಗಲೆಲ್ಲ ಮಿಡಿ ಉಪ್ಪಿನಕಾಯಿಯನ್ನೂ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನೂ ನನ್ನಿಂದ ದೂರವಿಡುವುದರಲ್ಲಿ ಅರ್ಥವಿಲ್ಲವೆಂದು ನಿಮ್ಮ ಚಿಕ್ಕಮ್ಮನಿಗೆ ಯಾರಾದರೂ ತಿಳಿಸಬೇಕು.

ಪೆರ್ಲದ ಭಾವ: ಅದೇ ಪರೀಕ್ಷೆಯನ್ನು ನಾನೂ ಮಾಡಿಸಿದ್ದೆ. ನನ್ನದು ಐಐ, ಅಪಾಯ ಕಡಿಮೆ. ಮೊನ್ನೆ ನೋಡಿದಾಗ ಬಿಪಿ 128/80 ಇತ್ತು. ಬೆಳಗಿನ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ 40 ಇನ್ನು ಬೇಡವೆಂದು ನನಗೆ ಕಾಣುತ್ತದೆ.

ನಾನು: ಭಾವ, ದಯವಿಟ್ಟು ನಿಲ್ಲಿಸಬೇಡಿ. ಆ 128/80 ಮಾತ್ರೆ ತೆಗೆದುಕೊಂಡದ್ದರಿಂದ ಬಂದದ್ದು, ಐಐಯಿಂದ ಬಂದದ್ದಲ್ಲ. ಎಸಿಇ ಎಂಬುದು ಒಂದು ಕಿಣ್ವ. ಡಿ ಮತ್ತು ಐ ಅದರ ವಂಶವಾಹಿಯ ಎರಡು ರೂಪಗಳು; ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವುದರಿಂದ ಡಿಡಿ, ಐಐ ಎಂದು ಎರಡೆರಡು ಅಕ್ಷರ. ಯಕೃತ್ತಿನಲ್ಲಿ ತಯಾರಾಗುವ ಆಂಜಿಯೊಟೆನ್ಸಿನೋಜನ್ ಎಂಬ ಪ್ರೊಟೀನನ್ನು ಮೂತ್ರಪಿಂಡದಿಂದ ಬರುವ ರೆನಿನ್ ಮೊದಲು ಕತ್ತರಿಸುತ್ತದೆ; ಹಾಗೆ ಸಿಕ್ಕಿದ 10 ಅಮೈನೋ ಆಮ್ಲಗಳ ತುಂಡಿನ ತುದಿಯಿಂದ ಎರಡನ್ನು ತೆಗೆದು ಎಸಿಇ ಅದನ್ನು 8ರ ತುಂಡಾಗಿಸುತ್ತದೆ. ಆಂಜಿಯೊಟೆನ್ಸಿನ್ 2 ಎನ್ನುವುದು ಈ ಎಂಟರ ತುಂಡನ್ನೇ. ರಕ್ತನಾಳಗಳನ್ನು ಬಿಗಿಗೊಳಿಸುವುದೂ, ಅಲ್ಡೊಸ್ಟಿರೋನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿಸಿ ಮೂತ್ರಪಿಂಡ ಉಪ್ಪನ್ನು ಹೊರಹಾಕದಂತೆ ಮಾಡುವುದೂ ಅದೇ. ಅದು ನಾಳದ ಮೇಲೆ ಕೂರಬೇಕಾದ ಜಾಗವನ್ನು ನಿಮ್ಮ ಟೆಲ್ಮಿಸಾರ್ಟನ್ ಮೊದಲೇ ಹಿಡಿದಿಟ್ಟಿರುತ್ತದೆ. ಆ ಕೆಲಸಕ್ಕೆ ನೀವು ಡಿಡಿಯೋ ಐಐಯೋ ಎಂಬ ಲೆಕ್ಕ ಬೇಕಾಗಿಲ್ಲ.

ಮುಳ್ಳೇರಿಯ ಅತ್ತೆ: ನನಗೆ ಮೊದಲು ಕೊಟ್ಟ ರಾಮಿಪ್ರಿಲಿನಿಂದ ರಾತ್ರಿಯೆಲ್ಲ ಒಣಕೆಮ್ಮು. ಜೀರಿಗೆ ಕಷಾಯ, ಕಾಳುಮೆಣಸಿನ ಕಷಾಯ ಎಲ್ಲ ಮುಗಿದ ಮೇಲೆ ಡಾಕ್ಟರು ಮಾತ್ರೆ ಬದಲಿಸಿದರು, ಕೆಮ್ಮೂ ಹೋಯಿತು. ಅದಕ್ಕೂ ಈ ಕಿಣ್ವಕ್ಕೂ ಸಂಬಂಧವಿದೆಯೆ?

ನಾನು: ಇದೆ ಅತ್ತೆ. ಎಸಿಇ ಬ್ರ್ಯಾಡಿಕೈನಿನ್ ಎಂಬ ಇನ್ನೊಂದು ಪದಾರ್ಥವನ್ನೂ ಒಡೆಯುತ್ತದೆ. ಪ್ರಿಲ್ ಎಂದು ಕೊನೆಯಾಗುವ ಮಾತ್ರೆಗಳು ಕಿಣ್ವವನ್ನೇ ತಡೆಯುವುದರಿಂದ ಅದು ಒಡೆಯದೆ ಉಳಿದು ಶ್ವಾಸನಾಳವನ್ನು ಕೆರಳಿಸುತ್ತದೆ. ಸಾರ್ಟನ್ ಗುಂಪಿನ ಮಾತ್ರೆಗಳು ಕಿಣ್ವದ ಗೊಡವೆಗೆ ಹೋಗುವುದಿಲ್ಲ. ಪ್ರಿಲ್‌ಗಳಲ್ಲಿ ಮೊದಲನೆಯದಾಗಿ 1981ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾಪ್ಟೊಪ್ರಿಲ್, ಬ್ರೆಜಿಲ್ ದೇಶದ ಒಂದು ಹಾವಿನ ವಿಷದ ಅಧ್ಯಯನದಿಂದ ಹೊಳೆದದ್ದು.

ನೀರ್ಚಾಲು ಚಿಕ್ಕಪ್ಪ: ಹಾವಿನ ಕತೆ ಇರಲಿ. ಡಿ ಮತ್ತು ಐ ಈ ಕಿಣ್ವದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ತರುತ್ತವೆಯೆಂದು ಫ್ರಾನ್ಸಿನವರು 1990ರಲ್ಲಿಯೇ ತೋರಿಸಿದ್ದಾರೆಂದು ವರದಿಯಲ್ಲಿದೆ. ಅರ್ಧವೆಂದರೆ ಸಣ್ಣ ಮಾತೆ?

ನಾನು: ಅವರು ತೋರಿಸಿದ್ದು ನಿಜ ಚಿಕ್ಕಪ್ಪ, ಆದರೆ ಅದು ಒಬ್ಬರಿಂದೊಬ್ಬರಿಗೆ ರಕ್ತದಲ್ಲಿ ಕಾಣುವ ಕಿಣ್ವದ ಪ್ರಮಾಣದ ವ್ಯತ್ಯಾಸದಲ್ಲಿ ಸುಮಾರು ಅರ್ಧ, ರಕ್ತದೊತ್ತಡದ ಅರ್ಧವಲ್ಲ. ವರದಿ ಈ ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿಬಿಟ್ಟಿರುವುದು ನನ್ನ ಮಟ್ಟಿಗೆ ಗ್ರಾಹಕರ ಕಣ್ಣಿಗೆ ಮಣ್ಣೆರಚುವ ಕೆಲಸ. ಐ ರೂಪದಲ್ಲಿ ಸುಮಾರು 287 ಅಕ್ಷರಗಳ ಒಂದು ಡಿಎನ್‌ಎ ತುಂಡು ಇರುತ್ತದೆ, ಡಿ ರೂಪದಲ್ಲಿ ಇರುವುದಿಲ್ಲ. ಆ ತುಂಡಿರುವುದು ಪ್ರೊಟೀನಿನ ರಚನೆಗೆ ಸೇರದ ಭಾಗದಲ್ಲಿ, ಆದ್ದರಿಂದ ಕಿಣ್ವದ ರೂಪ ಬದಲಾಗುವುದಿಲ್ಲ. ಡಿಡಿಯವರಲ್ಲಿ ಅದರ ಪ್ರಮಾಣ ಮಾತ್ರ ಹೆಚ್ಚು. ಅಂಗಳದಲ್ಲಿ ಅಡಿಕೆ ಸುಲಿಯುವವರು ನಾಲ್ಕು ಜನ ಹೆಚ್ಚಿಗೆ ಕೂತರೂ, ಒಣಗಿ ಬಂದ ಅಡಿಕೆಯಷ್ಟನ್ನೇ ಅವರು ಸುಲಿಯಬಹುದು. ಇಲ್ಲಿಯೂ ಮೊದಲ ತುಂಡನ್ನು ಒದಗಿಸುವ ರೆನಿನ್ ಎಷ್ಟಿದೆಯೆಂಬುದೇ ಮುಖ್ಯವಾಗಿ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ಆಂಜಿಯೊಟೆನ್ಸಿನ್ 2 ಹೆಚ್ಚಾದರೆ ರೆನಿನ್ ತಾನಾಗಿ ತಗ್ಗುತ್ತದೆ. ಆದ್ದರಿಂದ ಡಿಡಿಗೂ ಬಿಪಿಗೂ ನೇರ ಸಂಬಂಧವನ್ನು ಹುಡುಕಿದವರಿಗೆಲ್ಲ ಒಂದೇ ಉತ್ತರ ಸಿಗಲಿಲ್ಲ. ನನ್ನನ್ನು ಕೇಳಿದರೆ ಮೂರನೆಯ ಪುಟ ಬರೀ ಕಾಗದ.

ಮಂಗಳೂರಿನ ತಂಗಿ: ಅಣ್ಣ ಇಲ್ಲಿ ಒಂದು ಹೆಜ್ಜೆ ಮುಂದೆ ಹೋದನೆಂದು ನನ್ನ ಅಭಿಪ್ರಾಯ. ಎಸಿಇಯ ಮಾತು ಸರಿ, ಆದರೆ ಪ್ರೊಟೀನಿನ ರೂಪವೇ ಬದಲಾಗಿ ಕಿಣ್ವದ ಕೆಲಸ ಹೆಚ್ಚುವ ಉದಾಹರಣೆಗಳೂ ಇವೆ. ಅಡ್ಯುಸಿನ್ ಎಂಬ ಪ್ರೊಟೀನು ಜೀವಕೋಶದ ಒಳಗಿನ ಹಂದರಕ್ಕೆ ಸೇರಿದ್ದು. ಅದರ 460ನೆಯ ಸ್ಥಾನದಲ್ಲಿ ಗ್ಲೈಸಿನ್ ಬದಲು ಟ್ರಿಪ್ಟೊಫಾನ್ ಬಂದರೆ, ಮೂತ್ರಪಿಂಡದ ಕೋಶಗಳಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪಾಗಿ ದುಡಿಯುವ ಕಿಣ್ವ ಇನ್ನಷ್ಟು ಚುರುಕಾಗಿ, ಮೂತ್ರದಲ್ಲಿ ಹೋಗಬೇಕಾದ ಸೋಡಿಯಂ ಮತ್ತೆ ರಕ್ತಕ್ಕೆ ಸೇರುತ್ತದೆಯೆಂದು ಇಟಲಿಯ ಮಿಲಾನಿನ ಇಲಿಗಳಿಂದ ಆರಂಭವಾದ ಸಂಶೋಧನೆ ಹೇಳಿತು. ಎಲ್ಲ ದೇಶದ ಜನರಲ್ಲಿಯೂ ಅದೇ ಫಲ ಬರಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಚಿಕ್ಕಪ್ಪ, ಈ ದಾರಿ ನಿಮ್ಮ ವಾದಕ್ಕೆ ತೀರ ವಿರುದ್ಧವಾದದ್ದು: ಇಂಥ ಬದಲಾವಣೆ ಹುಟ್ಟಿನಿಂದ ಬಂದಿದ್ದರೆ ಅದು ಬಿಪಿ ಏರಿಸುವುದು ಉಪ್ಪಿನ ಮೂಲಕವೇ, ಆದ್ದರಿಂದ ಅಂಥವರೇ ಉಪ್ಪಿಗೆ ಹೆಚ್ಚು ಹೆದರಬೇಕು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು, ಮಳೆಗಾಲದ ಆಟಿ ತಿಂಗಳಲ್ಲಿ ಸೊಳೆಯ ಪಲ್ಯ ಮತ್ತು ಹಪ್ಪಳ ಒಟ್ಟಿಗೆ ಬಡಿಸಿದ ಎಲೆ ಸುಲಭವಾಗಿ ದಾಟುತ್ತದೆ.

ಪೆರ್ಲದ ಭಾವ: ಹಾಗಾದರೆ ಒಂದೇ ವಂಶವಾಹಿ ನೋಡಿ ಬಿಪಿ ಹೇಳಲು ಯಾವಾಗಲೂ ಸಾಧ್ಯವಿಲ್ಲವೆ?

ಮಂಗಳೂರಿನ ತಂಗಿ: ಅಪರೂಪದ ಮನೆತನಗಳಲ್ಲಿ ಸಾಧ್ಯ, ಭಾವ. ಅಡ್ರಿನಲ್ ಗ್ರಂಥಿಯ ಅಕ್ಕಪಕ್ಕದ ಎರಡು ಕಿಣ್ವಗಳ ವಂಶವಾಹಿಗಳು ಅಡ್ಡಾದಿಡ್ಡಿ ಬೆಸೆದುಕೊಂಡು, ಒಂದರ ಆಜ್ಞೆಗೆ ಇನ್ನೊಂದರ ಕೆಲಸ ನಡೆದು ಅಲ್ಡೊಸ್ಟಿರೋನ್ ಮಿತಿಮೀರುವ ಕಾಯಿಲೆಯನ್ನು ರಿಚರ್ಡ್ ಲಿಫ್ಟನ್ ಮತ್ತು ಸಂಗಡಿಗರು 1992ರಲ್ಲಿ ವಿವರಿಸಿದರು. ಅಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಬಿಪಿ ಏರುತ್ತದೆ. ಕಾರಣ ಗೊತ್ತಾದರೆ ಕಡಿಮೆ ಪ್ರಮಾಣದ ಸ್ಟಿರಾಯ್ಡ್ ಮಾತ್ರೆಯೇ ಅದನ್ನು ಇಳಿಸುತ್ತದೆ. ಉಳಿದ ನಮ್ಮಂಥವರಲ್ಲಿ ನೂರಾರು ವಂಶವಾಹಿಗಳು ಸೇರಿಕೊಂಡಿರುತ್ತವೆ. 2018ರಲ್ಲಿ 10 ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದ ಒಂದೇ ಅಧ್ಯಯನ 500ಕ್ಕೂ ಹೆಚ್ಚು ಹೊಸ ಸ್ಥಾನಗಳನ್ನು ಗುರುತಿಸಿತು, ಅವುಗಳಲ್ಲಿ ಒಂದೊಂದರ ಪಾಲು ತೀರ ಚಿಕ್ಕದು.

ನಾನು: ಒಪ್ಪಿದೆ. ಚಿಕ್ಕಪ್ಪ, ವರದಿ ಬಂದವನ ಬಿಪಿ ಈಗ ಎಷ್ಟಿದೆ?

ನೀರ್ಚಾಲು ಚಿಕ್ಕಪ್ಪ: ಅವನಿಗಿನ್ನೂ 29. ನೋಡಿಸಿದಂತಿಲ್ಲ.

ಮಂಗಳೂರಿನ ತಂಗಿ: ಹಾಗಿದ್ದರೆ ಮೊದಲು ಅದನ್ನು ನೋಡಿಸಲಿ, ಕೂತು ಐದು ನಿಮಿಷ ಸುಮ್ಮನಿದ್ದು, ಎರಡೂ ತೋಳುಗಳಲ್ಲಿ, ಬೇರೆ ಬೇರೆ ದಿನ. ಈ ವಯಸ್ಸಿನಲ್ಲಿಯೇ ಮತ್ತೆ ಮತ್ತೆ ಹೆಚ್ಚು ಬಂದರೆ ಪೊಟ್ಯಾಸಿಯಂ, ರೆನಿನ್, ಅಲ್ಡೊಸ್ಟಿರೋನ್ ಪರೀಕ್ಷೆ ಬೇಕೆ ಎಂದು ಡಾಕ್ಟರನ್ನು ಕೇಳಬೇಕು. ಭಾವ, ನಿಮ್ಮ ಮಾತ್ರೆಯ ವಿಷಯವನ್ನೂ ಅಲ್ಲಿಯೇ ಕೇಳಿ, ಅಲ್ಲಿಯವರೆಗೆ ನಾಳೆ ಬೆಳಗ್ಗಿನದನ್ನು ತಪ್ಪಿಸಬೇಡಿ.