ಮೊಂಟಾ ವಿಸ್ಟಾ ಬೇಕೇ ಬೇಕಾ? ಹೈಸ್ಕೂಲ್ ಹೋಲಿಸುವ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಸನಿವೇಲ್‌ನಲ್ಲಿ ಬಾಡಿಗೆಗೆ ಇದ್ದೇವೆ. ಮಗ ಏಳನೇ ಕ್ಲಾಸು. ನಮ್ಮ ವಿಳಾಸಕ್ಕೆ ಫ್ರೀಮಾಂಟ್ ಹೈಸ್ಕೂಲ್ (ಫ್ರೀಮಾಂಟ್ ಹೈ) ಬರುತ್ತದೆ. ಗೆಳೆಯರೆಲ್ಲ ಮೊಂಟಾ ವಿಸ್ಟಾ ಅಥವಾ ಲಿನ್‌ಬ್ರೂಕ್ ಹೈಸ್ಕೂಲ್ ಸಿಗೋ ಕಡೆ ಮನೆ ಹಿಡೀರಿ ಅಂತಾರೆ. ಅಲ್ಲಿ ಬಾಡಿಗೆ ಕೇಳಿದರೆ ತಲೆ ತಿರುಗುತ್ತೆ. ಮನೆ ಹುಡುಕುವ ಆ್ಯಪ್‌ನಲ್ಲಿ ಫ್ರೀಮಾಂಟ್ ಹೈ ರೇಟಿಂಗ್ ಕಡಿಮೆ ಇದೆ. ಸ್ಕೂಲ್ ಡಿಸ್ಟ್ರಿಕ್ಟ್ (ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಒಂದೇ ಅಲ್ವಾ, ಮತ್ತೆ ಯಾಕೆ ಹೀಗೆ? ಏನು ನೋಡಿ ಹೋಲಿಸಬೇಕು?

ಉತ್ತರ: ನಮಸ್ಕಾರ. ನಾನು ಬೇ ಏರಿಯಾದ ಬೇರೊಂದು ಡಿಸ್ಟ್ರಿಕ್ಟ್‌ನಲ್ಲಿ ಹೈಸ್ಕೂಲ್ ಕೌನ್ಸೆಲರ್. ಹಾಗಾಗಿ ಇಲ್ಲಿ ನನಗೆ ಯಾವ ಶಾಲೆಯ ಹಂಗೂ ಇಲ್ಲ.

ಫ್ರೀಮಾಂಟ್ ಯೂನಿಯನ್ ಡಿಸ್ಟ್ರಿಕ್ಟ್‌ನಲ್ಲಿ ಐದು ದೊಡ್ಡ ಹೈಸ್ಕೂಲ್‌ಗಳಿವೆ: ಕೂಪರ್ಟಿನೋ, ಫ್ರೀಮಾಂಟ್, ಹೋಮ್‌ಸ್ಟೆಡ್, ಲಿನ್‌ಬ್ರೂಕ್, ಮೊಂಟಾ ವಿಸ್ಟಾ. (ಹೊಸಬರಿಗೆ ಒಂದು ಮಾತು: ಫ್ರೀಮಾಂಟ್ ಹೈ ಇರುವುದು ಸನಿವೇಲ್‌ನಲ್ಲಿ. ಫ್ರೀಮಾಂಟ್ ಊರು ಬೇರೆ, ಅದರ ಡಿಸ್ಟ್ರಿಕ್ಟೂ ಬೇರೆ.) ಐದಕ್ಕೂ ಒಂದೇ ಬೋರ್ಡು. ಟೀಚರ್‌ಗಳ ಸಂಬಳದ ಪಟ್ಟಿ ಒಂದೇ. ಡಿಪ್ಲೊಮಾ ಸಿಗಲು ಬೇಕಾದ ಕ್ರೆಡಿಟ್ ಒಂದೇ. ಆಸ್ತಿ ತೆರಿಗೆ ದುಡ್ಡೂ ಡಿಸ್ಟ್ರಿಕ್ಟ್‌ಗೆ ಬರುತ್ತದೆ. ಕೂಪರ್ಟಿನೋ ಊರಿನ ದುಬಾರಿ ಮನೆಗಳ ತೆರಿಗೆ ಅಲ್ಲಿನ ಶಾಲೆಗೇ ಹೋಗುತ್ತದೆ ಅನ್ನುವುದು ತಪ್ಪು ಕಲ್ಪನೆ.

ಬೇರೆ ಆಗಿರುವುದು ಮಕ್ಕಳ ಮನೆಗಳು. ಫ್ರೀಮಾಂಟ್ ಹೈನಲ್ಲಿ ಈಗಷ್ಟೇ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಕಡಿಮೆ ವರಮಾನದ ಮನೆಯ ಮಕ್ಕಳು ಜಾಸ್ತಿ. ಮೊಂಟಾ ವಿಸ್ಟಾದಲ್ಲಿ ಅಪ್ಪ ಅಮ್ಮ ಇಬ್ಬರೂ ಟೆಕ್ ಕೆಲಸದಲ್ಲಿರುವ ಮನೆಗಳು ಜಾಸ್ತಿ. ಆ್ಯಪ್‌ನ ರೇಟಿಂಗ್‌ನಲ್ಲಿ ಟೆಸ್ಟ್ ಅಂಕದ ಪಾಲು ದೊಡ್ಡದು. ಅಂದರೆ ಅದು ಶಾಲೆ ಏನು ಕಲಿಸಿತು ಅನ್ನುವುದಕ್ಕಿಂತ ಆ ಏರಿಯಾದಲ್ಲಿ ಯಾರು ಇದ್ದಾರೆ ಅನ್ನುವುದನ್ನೇ ಹೆಚ್ಚು ಹೇಳುತ್ತದೆ.

ಆ ಟೆಸ್ಟ್ ಕಥೆಯೂ ಕೇಳಿ. ಹೈಸ್ಕೂಲ್‌ನಲ್ಲಿ ರಾಜ್ಯದ ಇಂಗ್ಲಿಷ್, ಗಣಿತ ಪರೀಕ್ಷೆ ಇರುವುದು 11ನೇ ಕ್ಲಾಸಿಗೆ ಮಾತ್ರ, ಅದೂ ಎಪಿ (ಹೈಸ್ಕೂಲ್‌ನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಪರೀಕ್ಷೆಗಳ ಆಸುಪಾಸಿನಲ್ಲಿ. ಕಾಲೇಜು ಅಡ್ಮಿಷನ್‌ಗೆ ಆ ಅಂಕ ಬೇಕಿಲ್ಲ. ಬೇಡ ಅಂತ ಪೋಷಕರು ಬರೆದುಕೊಟ್ಟರೆ ಮಗು ಬರೆಯಲೇಬೇಕಿಲ್ಲ. ಸುಮ್ನೆ ಏನೋ ಒತ್ತಿ ಎದ್ದು ಹೋಗುವ ಜಾಣ ಮಕ್ಕಳನ್ನು ನಾನೇ ನೋಡಿದ್ದೇನೆ.

ಅದರ ಬದಲು ರಾಜ್ಯದ್ದೇ ವೆಬ್‌ಸೈಟ್ 'ಕ್ಯಾಲಿಫೋರ್ನಿಯಾ ಸ್ಕೂಲ್ ಡ್ಯಾಶ್‌ಬೋರ್ಡ್' ತೆರೆಯಿರಿ. ಅಲ್ಲಿ ಕೆಂಪಿನಿಂದ ನೀಲಿವರೆಗೆ ಐದು ಬಣ್ಣ ಇವೆ. ಬಣ್ಣಕ್ಕೆ ಮರುಳಾಗಬೇಡಿ. ಈ ವರ್ಷದ ಮಟ್ಟ ಮತ್ತು ಹೋದ ವರ್ಷಕ್ಕಿಂತ ಏರಿದೆಯಾ ಇಳಿದಿದೆಯಾ, ಎರಡನ್ನೂ ಸೇರಿಸಿ ಬಣ್ಣ ಕೊಡುತ್ತಾರೆ. ಮೊದಲೇ ಮೇಲಿದ್ದ ಶಾಲೆ ಸ್ವಲ್ಪ ಜಾರಿದರೂ ಬಣ್ಣ ಕೆಳಗೆ ಬರಬಹುದು. ಒಳಗೆ ಹೋದರೆ ಒಂದೊಂದು ಗುಂಪಿನ ಮಕ್ಕಳ ಲೆಕ್ಕ ಬೇರೆಬೇರೆಯಾಗಿ ಸಿಗುತ್ತದೆ. ನಿಮ್ಮ ಮಗನಂಥ ಮಕ್ಕಳ ಸಾಲನ್ನು ಐದೂ ಶಾಲೆಯಲ್ಲಿ ನೋಡಿ. ಇಡೀ ಶಾಲೆಯ ಸರಾಸರಿಯಲ್ಲಿ ಕಂಡಷ್ಟು ಅಂತರ ಅಲ್ಲಿ ಕಾಣದೇ ಇರಬಹುದು.

ಅದೇ ಪೋಷಕರು: ಥ್ಯಾಂಕ್ಸ್ ಮೇಡಂ. ಆದರೆ ಬರ್ಕ್ಲಿ, ಯುಸಿಎಲ್ಎ ಅಂದರೆ ಹೆಸರಿರುವ ಹೈಸ್ಕೂಲಿಂದ ಹೋದರೆ ಸುಲಭ ಅಂತಾರಲ್ಲ?

ಉತ್ತರ: ಬರ್ಕ್ಲಿ, ಯುಸಿಎಲ್ಎ ಎರಡೂ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳು. ಯುಸಿಯವರು ಮಗುವನ್ನು ಅದರ ಶಾಲೆಯೊಳಗೆ ಇಟ್ಟು ನೋಡುತ್ತಾರೆ. ಅಲ್ಲಿ ಯಾವ ಕೋರ್ಸ್‌ಗಳಿದ್ದವು, ಇವನು ಯಾವುದು ತಗೊಂಡ ಅಂತ. ಪ್ರತಿ ಶಾಲೆಯ ಮೇಲಿನ 9% ಮಕ್ಕಳಿಗೆ ಬೇರೆಯೇ ಒಂದು ಗುರುತು ಇದೆ. ಅಪ್ಲೈ ಮಾಡಿದ ಕಡೆ ಸಿಗದಿದ್ದರೂ ಜಾಗ ಇರುವ ಯಾವುದಾದರೂ ಯುಸಿ ಕ್ಯಾಂಪಸ್‌ನಲ್ಲಿ ಸೀಟು ಕೊಡುತ್ತಾರೆ. ಮೊಂಟಾ ವಿಸ್ಟಾದಲ್ಲಿ ಆ 9% ಒಳಗೆ ಬರುವುದು ಎಷ್ಟು ಕಷ್ಟ ಅಂತ ನೀವೇ ಯೋಚಿಸಿ. ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ಅಂಕವನ್ನು ಯುಸಿ ಈಗ ನೋಡುವುದೇ ಇಲ್ಲ. ಹಾಗಾಗಿ ಗ್ರೇಡ್‌ನ ತೂಕ ಇನ್ನೂ ಜಾಸ್ತಿಯಾಗಿದೆ.

ಯಾವ ಹೈಸ್ಕೂಲಿಂದ ಎಷ್ಟು ಮಕ್ಕಳು ಅಪ್ಲೈ ಮಾಡಿದರು, ಎಷ್ಟು ಜನಕ್ಕೆ ಸಿಕ್ಕಿತು ಅನ್ನುವುದನ್ನು ಕ್ಯಾಂಪಸ್‌ವಾರು ಯುಸಿಯೇ ತನ್ನ ವೆಬ್‌ಸೈಟ್‌ನಲ್ಲಿ ಹಾಕುತ್ತದೆ. ಸಿಕ್ಕವರ ಸಂಖ್ಯೆ ಒಂದನ್ನೇ ನೋಡಬೇಡಿ, ಅಪ್ಲೈ ಮಾಡಿದವರಲ್ಲಿ ಎಷ್ಟು ಪಾಲು ಅಂತ ನೋಡಿ.

ಮಗ ಏಳನೇ ಕ್ಲಾಸು ಅಂದಿರಿ. ಹಾಗಾದರೆ ನಿಮಗೆ ಈಗ ತುರ್ತಾಗಿ ಬೇಕಾದ್ದು ಗಣಿತದ ದಾರಿ. ಎಂಟರಲ್ಲಿ ಆಲ್ಜೀಬ್ರಾ 1 ಮುಗಿದರೆ ಒಂಬತ್ತಕ್ಕೆ ಜ್ಯಾಮಿಟ್ರಿ, ಆಮೇಲೆ ಆಲ್ಜೀಬ್ರಾ 2, ಪ್ರೀಕ್ಯಾಲ್ಕುಲಸ್, 12ಕ್ಕೆ ಕ್ಯಾಲ್ಕುಲಸ್. ಒಂಬತ್ತರಲ್ಲಿ ಆಲ್ಜೀಬ್ರಾ ಶುರು ಮಾಡಿದರೆ ಸಾಮಾನ್ಯವಾಗಿ ಪ್ರೀಕ್ಯಾಲ್ಕುಲಸ್‌ಗೇ ಮುಗಿಯುತ್ತದೆ. ಇದನ್ನು ಹೈಸ್ಕೂಲ್ ಡಿಸ್ಟ್ರಿಕ್ಟ್ ತೀರ್ಮಾನ ಮಾಡುವುದಿಲ್ಲ. ಎಂಟನೇ ಕ್ಲಾಸಿನವರೆಗೂ ಅಲ್ಲಿ ಡಿಸ್ಟ್ರಿಕ್ಟೇ ಬೇರೆ. ನಾಳೆಯೇ ಮಿಡ್ಲ್ ಸ್ಕೂಲ್ ಗಣಿತ ಟೀಚರ್‌ಗೆ ಮೇಲ್ ಹಾಕಿ ಕೇಳಿ.

ಇನ್ನೊಬ್ಬರು: ನನ್ನ ಮಗಳು ಇಂಥದ್ದೇ ಒಂದು 'ಟಾಪ್' ಶಾಲೆಯಲ್ಲಿ ಹತ್ತನೇ ಕ್ಲಾಸು. ಮೂರು ಎಪಿ ತಗೊಂಡಿದ್ದಾಳೆ. ಸಾಲಲ್ಲ ಅಂತ ಅಳ್ತಾಳೆ, ಗೆಳತಿಯರದ್ದು ಜಾಸ್ತಿಯಂತೆ. ರಾತ್ರಿ ಒಂದು ಗಂಟೆವರೆಗೂ ಮಲಗಲ್ಲ.

ಉತ್ತರ: ಅಮ್ಮಾ, ಮೊದಲು ಅವಳ ಕೌನ್ಸೆಲರ್ ಹತ್ತಿರ ಮಾತಾಡಿ. ನಿದ್ದೆ, ಅಳು ಎರಡನ್ನೂ ಮುಚ್ಚುಮರೆ ಇಲ್ಲದೆ ಹೇಳಿ. ಆಮೇಲೆ ಅವಳಿಗೆ ಈ ಲೆಕ್ಕ ತೋರಿಸಿ: ಯುಸಿ ಜಿಪಿಎಗೆ (ಗ್ರೇಡ್‌ಗಳ ಸರಾಸರಿಗೆ) 10 ಮತ್ತು 11ನೇ ಕ್ಲಾಸಿನ ಗ್ರೇಡ್ ಮಾತ್ರ ಸೇರುತ್ತದೆ. ಎಪಿ, ಆನರ್ಸ್‌ (ಕಷ್ಟದ ಮಟ್ಟದ) ಕೋರ್ಸ್‌ಗಳ ಹೆಚ್ಚುವರಿ ಪಾಯಿಂಟ್ ಸಿಗುವುದು 8 ಸೆಮಿಸ್ಟರ್‌ಗೆ, ಅದರಲ್ಲಿ ಹತ್ತನೇ ಕ್ಲಾಸಿನದು 4 ಮಾತ್ರ. ಮೂರು ಎಪಿ ಅಂದರೆ ಈ ವರ್ಷವೇ 6 ಸೆಮಿಸ್ಟರ್. ಆಗಲೇ ಮಿತಿ ದಾಟಿದೆ, ಇನ್ನೊಂದು ಸೇರಿಸಿದರೆ ಆ ಪಾಯಿಂಟ್ ಒಂದಿಷ್ಟೂ ಮೇಲೆ ಹೋಗಲ್ಲ. ಕಾಗದದ ಮೇಲೆ ಬರೆದು ತೋರಿಸಿದರೆ ನನ್ನ ಆಫೀಸಿನಲ್ಲಿ ಎಷ್ಟೋ ಮಕ್ಕಳ ಮುಖ ಸಡಿಲವಾಗಿದೆ.

ಮತ್ತೊಬ್ಬರು: ಶಾಲೆಯ ವಾತಾವರಣ ಹೇಗಿದೆ ಅಂತ ಹೊರಗಿನವರಿಗೆ ಗೊತ್ತಾಗೋದು ಹೇಗೆ ಮೇಡಂ? ಓಪನ್ ಹೌಸ್ ದಿನ ಎಲ್ಲ ಚೆನ್ನಾಗೇ ಇರುತ್ತೆ.

ಉತ್ತರ: ಮಕ್ಕಳೇ ನಡೆಸುವ ಪತ್ರಿಕೆ ಓದಿ. ಮೊಂಟಾ ವಿಸ್ಟಾದ 'ಎಲ್ ಎಸ್ಟೋಕೆ', ಲಿನ್‌ಬ್ರೂಕ್‌ನ 'ದಿ ಎಪಿಕ್', ಹೋಮ್‌ಸ್ಟೆಡ್‌ನ 'ದಿ ಎಪಿಟಾಫ್', ಕೂಪರ್ಟಿನೋದ 'ದಿ ಪ್ರಾಸ್ಪೆಕ್ಟರ್', ಎಲ್ಲ ಆನ್‌ಲೈನ್ ಸಿಗುತ್ತವೆ. ಕಾಪಿ ಹೊಡೆಯುವುದು, ಒತ್ತಡ, ಕ್ಲಬ್ ಜಗಳ, ಯಾವುದನ್ನೂ ಬಿಡದೆ ಬರೆಯುತ್ತಾರೆ. ಪ್ರಿನ್ಸಿಪಾಲರ ಭಾಷಣಕ್ಕಿಂತ ಅದನ್ನೇ ನಾನು ಜಾಸ್ತಿ ನಂಬುತ್ತೇನೆ. ಹೋಮ್‌ಸ್ಟೆಡ್ ಅಂದರೆ ಮನೆ ಏಜೆಂಟರು ಸ್ಟೀವ್ ಜಾಬ್ಸ್ ಓದಿದ ಶಾಲೆ ಅಂತ ಶುರು ಮಾಡುತ್ತಾರೆ. ನಿಜವೇ, ಆದರೆ ಅವರು ಮುಗಿಸಿದ್ದು 1972ರಲ್ಲಿ!

ಮೊದಲ ಪೋಷಕರು: ಕೊನೇ ಪ್ರಶ್ನೆ. ಕೂಪರ್ಟಿನೋದಲ್ಲಿರುವ ನೆಂಟರ ವಿಳಾಸ ಕೊಟ್ಟರೆ?

ಉತ್ತರ: ಬೇಡ. ಈ ಡಿಸ್ಟ್ರಿಕ್ಟ್ ವಿಳಾಸದ ವಿಷಯದಲ್ಲಿ ಕಟ್ಟುನಿಟ್ಟು. ಸಿಕ್ಕಿಬಿದ್ದರೆ ವರ್ಷದ ಮಧ್ಯೆ ಹುಡುಗ ಶಾಲೆ ಬಿಡಬೇಕಾಗುತ್ತದೆ. ಮನೆ ಬದಲಿಸುವುದೇ ಆದರೆ ಲೀಸ್‌ಗೆ ಸಹಿ ಹಾಕುವ ಮೊದಲು ಡಿಸ್ಟ್ರಿಕ್ಟ್ ವೆಬ್‌ಸೈಟ್‌ನಲ್ಲಿ ಮನೆ ನಂಬರ್ ಸಮೇತ ವಿಳಾಸ ಹಾಕಿ ನೋಡಿ. ಊರಿನ ಹೆಸರು ನಂಬಿಕೊಂಡು ಹೋಗಬೇಡಿ. ಸನಿವೇಲ್‌ನ ಕೆಲವು ಮನೆಗಳು ಹೋಮ್‌ಸ್ಟೆಡ್‌ಗೆ ಬರುತ್ತವೆ, ಇನ್ನು ಕೆಲವು ಸಾಂಟಾ ಕ್ಲಾರಾ ಡಿಸ್ಟ್ರಿಕ್ಟ್‌ಗೇ ಸೇರುತ್ತವೆ. ಈಗಿರುವ ಮನೆಯ ವಿಳಾಸವನ್ನೂ ಹಾಕಿ ನೋಡಿದ್ದೀರಾ, ಇಲ್ಲ ಯಾರೋ ಹೇಳಿದ್ದಾ?