ವಿಂಡೋಸ್‌ನಿಂದ ಲಿನಕ್ಸ್ ಶೇರ್‌ಗೆ ಕಾಪಿ ತುಂಬಾ ಸ್ಲೋ, ಮ್ಯಾಕ್‌ನಲ್ಲಿ ಸರಿ ಉಂಟು

ಮಲ್ಪೆ_ಕ್ಯಾಮೆರಾ
ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ, ಯಾರಾದ್ರೂ ದಾರಿ ಹೇಳಿ. ನಾನು ಯಕ್ಷಗಾನದ ವಿಡಿಯೋ ಮಾಡುವವನು. ಕೆಳಗಿನ ಕೋಣೆಯಲ್ಲಿ ಹಳೇ ಪಿಸಿಗೆ ಡೆಬಿಯನ್ ಲಿನಕ್ಸ್ ಹಾಕಿ, ಮನೆಯ ಬೇರೆ ಕಂಪ್ಯೂಟರಿಗೂ ಫೋಲ್ಡರ್ ಸಿಗುವ ಹಾಗೆ ಸಾಂಬಾ ಶೇರ್ ಮಾಡಿ ಇಟ್ಟಿದ್ದೇನೆ. ಮಾಳಿಗೆಯಲ್ಲಿ ಎಡಿಟಿಂಗ್‌ಗೆ ವಿಂಡೋಸ್ 11 ಪ್ರೊ. ಅಲ್ಲಿಂದ ಫೈಲ್ ಹಾಕಿದರೆ ಸೆಕೆಂಡಿಗೆ 11.3 ಎಂಬಿ, ಅದರ ಮೇಲೆ ಏರುವುದೇ ಇಲ್ಲ. ನನ್ನ 4ಕೆ ರೆಕಾರ್ಡಿಂಗ್ ಗಂಟೆಗೆ 45 ಜಿಬಿ. ಅಂದರೆ ಒಂದು ಗಂಟೆಯ ಆಟ ಕಾಪಿ ಆಗಲು ಒಂದು ಗಂಟೆಗಿಂತ ಜಾಸ್ತಿ ಬೇಕು! ಕಾಲಮಿತಿ ಆಟವಾದರೆ ಹೇಗೋ ಸುಧಾರಿಸಬಹುದು. ಇಡೀ ರಾತ್ರಿಯ ಆಟವಾದರೆ ಮಾರನೇ ದಿನ ಪೂರ್ತಿ ಹೋಯ್ತು. ತಂಗಿಯ ಮ್ಯಾಕ್‌ಬುಕ್‌ನಿಂದ ಅದೇ ಶೇರ್‌ಗೆ 45 ಎಂಬಿ ಬರುತ್ತದೆ. ಹಾಗಾಗಿ ಸರ್ವರ್ ಸರಿ ಉಂಟು, ತೊಂದರೆ ವಿಂಡೋಸ್‌ನದ್ದೇ. ಯಾವ ಸೆಟ್ಟಿಂಗ್ ಬದಲಿಸಬೇಕು?

ಪೆಂಗ್ವಿನ್_ಪುತ್ತೂರು
ವಿಂಡೋಸ್ 24ಎಚ್2 ಆವೃತ್ತಿಗೆ ಅಪ್‌ಡೇಟ್ ಆಗಿದೆಯಾ? ಹಾಗಿದ್ದರೆ ಇದು, ವಿಂಡೋಸ್ ಮತ್ತು ಸಾಂಬಾ ಫೈಲ್ ಹಂಚಲು ಬಳಸುವ ಪದ್ಧತಿಯ, ಎಸ್‌ಎಂಬಿ ಸೈನಿಂಗ್. ಆ ಆವೃತ್ತಿಯಿಂದ ಪ್ರೊದಲ್ಲಿ ಸೈನಿಂಗ್ ಕಡ್ಡಾಯ. ಪ್ರತಿ ಪ್ಯಾಕೆಟ್‌ಗೂ ಸಹಿ ಹಾಕಿ, ಆ ಕಡೆ ಅದನ್ನು ಪರಿಶೀಲಿಸಬೇಕು. ನಿಮ್ಮ ಹಳೇ ಪಿಸಿಗೆ ಅದು ಭಾರ ಆಗುತ್ತಿದೆ. ಪವರ್‌ಶೆಲ್‌ನಲ್ಲಿ ಆಫ್ ಮಾಡಿ ನೋಡಿ.

ಕದ್ರಿ_ರ್ಯಾಕ್
ಸಾಂಬಾ ಕಾನ್ಫಿಗ್ ಫೈಲ್‌ಗೆ ಸಾಕೆಟ್ ಆಪ್ಷನ್ಸ್ ಸಾಲು ಸೇರಿಸಿ, ಬಫರ್ (ಡೇಟಾ ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) 8192 ಕೊಡಿ. ನಾನು ಹತ್ತು ವರ್ಷದಿಂದ ಹಾಗೇ ಇಟ್ಟಿದ್ದೇನೆ.

ಪೆಂಗ್ವಿನ್_ಪುತ್ತೂರು
ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಬಫರ್ ಎಷ್ಟು ಬೇಕು ಅಂತ ಈಗಿನ ಲಿನಕ್ಸ್ ತಾನೇ ನೋಡಿಕೊಳ್ಳುತ್ತದೆ. ನಾವು ಸಣ್ಣ ಸಂಖ್ಯೆ ಕೊಟ್ಟು ಕೂರಿಸಿದರೆ ಇರುವ ವೇಗವೂ ಹೋಗುತ್ತದೆ.

ಕದ್ರಿ_ರ್ಯಾಕ್
ನನ್ನಲ್ಲಿ ಚೆನ್ನಾಗೇ ಓಡುತ್ತಿದೆ ಮಾರಾಯ್ರೇ. 2.5 ಗಿಗಾಬಿಟ್ ಸ್ವಿಚ್, ನಾಲ್ಕು ಡಿಸ್ಕಿನ ಝಡ್‌ಎಫ್‌ಎಸ್, ಸರ್ವರ್‌ಗೇ ಬೇರೆ ಯುಪಿಎಸ್. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋದರೂ ಒಂದು ಫೈಲ್ ಹಾಳಾದದ್ದಿಲ್ಲ. ಫೋಟೋ ಬೇಕಾದರೆ ಹಾಕುತ್ತೇನೆ.

ಮಲ್ಪೆ_ಕ್ಯಾಮೆರಾ
ಸೈನಿಂಗ್ ಆಫ್ ಮಾಡಿದೆ, ರೀಸ್ಟಾರ್ಟ್ ಮಾಡಿದೆ. ಅದೇ 11.3.

ಪೆಂಗ್ವಿನ್_ಪುತ್ತೂರು
ಸರ್ವರ್ ಕಡೆಯೂ ಕಡ್ಡಾಯ ಅಂತ ಇದ್ದರೆ ಸೈನಿಂಗ್ ನಡೆಯುತ್ತಲೇ ಇರುತ್ತದೆ. ಅಲ್ಲೂ ನೋಡಿ. ಸಾಂಬಾ ಆವೃತ್ತಿ ಯಾವುದು? ಲಾಗ್ ಹಾಕಿ.

ಕುಡ್ಲ_ಕೇಬಲ್
ಸೈನಿಂಗ್ ಬದಿಗಿಡಿ. ಸೈನಿಂಗ್‌ನಿಂದ ಆದರೆ ವೇಗ ಏರುಪೇರಾಗುತ್ತದೆ, ಸಿಪಿಯು ಜಾಸ್ತಿ ಓಡುತ್ತದೆ. ಇವರದ್ದು ಗೆರೆ ಎಳೆದ ಹಾಗೆ 11.3ರಲ್ಲೇ ನಿಂತಿದೆ. 100 ಮೆಗಾಬಿಟ್ ಅಂದರೆ ಎಂಟರಿಂದ ಭಾಗಿಸಿ ಲೆಕ್ಕಕ್ಕೆ 12.5 ಎಂಬಿ, ಹೆಡರ್ ಎಲ್ಲ ಕಳೆದು ಕೈಗೆ ಸಿಗುವುದು ಹನ್ನೊಂದು ಚಿಲ್ಲರೆ. ನಿಮ್ಮ ಲಿಂಕ್ 100ಕ್ಕೆ ಇಳಿದಿದೆ. ವಿಂಡೋಸ್ ಪಿಸಿ ಕೇಬಲ್‌ನಲ್ಲಾ? ಮ್ಯಾಕ್ ಕೂಡ ಅದೇ ಕೇಬಲ್‌ನಲ್ಲಾ?

ಮಲ್ಪೆ_ಕ್ಯಾಮೆರಾ
ಪಿಸಿ ಕೇಬಲ್, ಮ್ಯಾಕ್ ವೈಫೈ. ಕೇಬಲ್ ಕ್ಯಾಟ್6, ಮನೆ ರಿಪೇರಿ ಮಾಡಿಸಿದಾಗ ಗೋಡೆಯೊಳಗೆ ಹೊಸದಾಗಿ ಎಳೆಸಿದ್ದು. ಹೋದ ವರ್ಷ ಇದರಲ್ಲೇ 110 ಎಂಬಿ ಬರುತ್ತಿತ್ತು. ಕೇಬಲ್ ವಿಷಯ ಬೇಡ.

ಕುಡ್ಲ_ಕೇಬಲ್
ಹೋದ ವರ್ಷ 110 ಇತ್ತು ಎಂಬುದನ್ನು ಮೊದಲೇ ಹೇಳಬೇಕಿತ್ತು ಅಣ್ಣ. 100ಕ್ಕೆ ಕಿತ್ತಳೆ, ಹಸಿರು ಎರಡು ಜೋಡಿ ತಂತಿ ಸಾಕು. ಗಿಗಾಬಿಟ್‌ಗೆ ನೀಲಿ, ಕಂದು ಜೋಡಿಯೂ ಬೇಕು, ಎಂಟೂ ತಂತಿ. ಒಂದು ತಂತಿ ಕೈಕೊಟ್ಟರೆ ಈಗಿನ ಹೆಚ್ಚಿನ ಕಾರ್ಡ್‌ಗಳು ಸುಮ್ನೆ 100ಕ್ಕೆ ಇಳಿದುಬಿಡುತ್ತವೆ, ಎರರ್ ತೋರಿಸುವುದಿಲ್ಲ. ವಿಂಡೋಸ್‌ನಲ್ಲಿ ಅಡಾಪ್ಟರ್ ಸ್ಟೇಟಸ್ ತೆರೆದು ಸ್ಪೀಡ್ ಓದಿ. ಐಪರ್ಫ್3 ಎಂಬ ಟೂಲ್ ಕೂಡ ಎರಡೂ ಪಿಸಿಯಲ್ಲಿ ಓಡಿಸಿ. ಅದರಲ್ಲಿ ಡಿಸ್ಕೂ ಇಲ್ಲ, ಸಾಂಬಾವೂ ಇಲ್ಲ, ತಂತಿಯ ವೇಗ ಮಾತ್ರ ಗೊತ್ತಾಗುತ್ತದೆ.

ಮಲ್ಪೆ_ಕ್ಯಾಮೆರಾ
ಸ್ಟೇಟಸ್‌ನಲ್ಲಿ 100 ಎಂಬಿಪಿಎಸ್ (ಮೆಗಾಬಿಟ್). ಐಪರ್ಫ್‌ನಲ್ಲಿ 94 ಮೆಗಾಬಿಟ್. ಅಂಗಳದ ಕಡೆಯಿಂದ ಉದ್ದದ ಬೇರೆ ಕೇಬಲ್ ಎಳೆದು ನೇರ ರೌಟರ್‌ಗೆ ಹಾಕಿದೆ. ಐಪರ್ಫ್ 940, ಕಾಪಿ 112 ಎಂಬಿ!! ನಾಲ್ಕು ದಿನ ವಿಂಡೋಸ್‌ನಲ್ಲಿ ಹುಡುಕಿದೆನಲ್ಲ.

ಕದ್ರಿ_ರ್ಯಾಕ್
ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಕೇಬಲ್ ಹಾಕಿಸಿರಬೇಕು. ಅಗ್ಗಕ್ಕೆ ಸಿಗುತ್ತದೆ ಅಂತ ತರುತ್ತಾರೆ. ಪೂರ್ತಿ ತೆಗೆಸಿ.

ಕುಡ್ಲ_ಕೇಬಲ್
ನೋಡದೆ ಗೋಡೆ ಒಡೆಸಬೇಡಿ. ಮೊದಲು ಎರಡೂ ತುದಿಯ ಡಬ್ಬಿ ಬಿಚ್ಚಿ. ತಂತಿಯ ತುದಿ ಬ್ಲೇಡಿನಲ್ಲಿ ಕೆರೆದರೆ ಒಳಗೆ ಕೆಂಪೋ ಬಿಳಿಯೋ ಅಂತ ಗೊತ್ತಾಗುತ್ತದೆ.

ಮಲ್ಪೆ_ಕ್ಯಾಮೆರಾ
ಮಾಳಿಗೆಯ ಡಬ್ಬಿ ಬಿಚ್ಚಿದೆ. ಅದು ಸಮುದ್ರದ ಕಡೆಯ ಕಿಟಕಿಯ ಕೆಳಗೇ ಇದೆ. ಕಂದು ತಂತಿ ಕಚ್ಚಿಕೊಳ್ಳುವ ಜಾಗದಲ್ಲಿ ಹಸಿರು ಕಿಲುಬು, ಉಗುರು ತಾಗಿಸಿದರೆ ಪುಡಿ ಪುಡಿ. ತಂತಿ ಅಲ್ಲೇ ತುಂಡಾಯ್ತು. ಬೇರೆ ಏಳು ಚೆನ್ನಾಗಿಯೇ ಉಂಟು. ಕೆರೆದು ನೋಡಿದೆ, ಒಳಗೂ ಕೆಂಪು, ಅಪ್ಪಟ ತಾಮ್ರ. ಮಳೆಗಾಲದ ಎರಚಲು ಒಳಗೆ ಹೋಗಿರಬೇಕು.

ಕುಡ್ಲ_ಕೇಬಲ್
ಉಪ್ಪು ಗಾಳಿ ಅಲ್ವಾ. ಬೆಂಗ್ರೆಯಲ್ಲೂ ಪಣಂಬೂರಿನಲ್ಲೂ ಇದನ್ನೇ ನೋಡಿದ್ದೇನೆ. ಎರಡು ಇಂಚು ಕತ್ತರಿಸಿ ಹೊಸ ಜ್ಯಾಕ್‌ಗೆ ಪಂಚ್ ಮಾಡಿ (ತಂತಿ ಒತ್ತಿ ಕೂರಿಸಿ). ಡಬ್ಬಿಯನ್ನು ಕಿಟಕಿಯಿಂದ ದೂರದ ಗೋಡೆಗೆ ಹಾಕಿಸಿ.

ಪೆಂಗ್ವಿನ್_ಪುತ್ತೂರು
ನಾನು ಸೈನಿಂಗ್‌ಗೇ ಅಂಟಿಕೊಂಡೆ, ತಪ್ಪಾಯ್ತು. ಅದನ್ನು ಮತ್ತೆ ಆನ್ ಮಾಡಿ, ಮರೆಯಬೇಡಿ. ನಡುವೆ ಯಾರೂ ಡೇಟಾ ತಿದ್ದದ ಹಾಗೆ ಕಾಯುವುದೇ ಅದು.

ಮಲ್ಪೆ_ಕ್ಯಾಮೆರಾ
ಆನ್ ಮಾಡಿದೆ, ಈಗಲೂ 110 ಬರುತ್ತಿದೆ. ಆದರೆ ಮೂರು ಸಾವಿರ ಫೋಟೋ ಇರುವ ಫೋಲ್ಡರ್ ಹಾಕಿದರೆ ಮತ್ತೆ 20ಕ್ಕೆ ಇಳಿಯುತ್ತದೆ. ಇದೂ ತಂತಿಯದ್ದಾ?

ಪೆಂಗ್ವಿನ್_ಪುತ್ತೂರು
ಅಲ್ಲ. ಪ್ರತಿ ಫೈಲ್‌ಗೂ ತೆರೆಯುವುದು, ಬರೆಯುವುದು, ಮುಚ್ಚುವುದು, ಅಷ್ಟು ಸಲ ಆ ಕಡೆಯಿಂದ ಉತ್ತರಕ್ಕೆ ಕಾಯಬೇಕು. ಆಂಟಿವೈರಸ್ ಬೇರೆ ಒಂದೊಂದನ್ನೂ ನೋಡುತ್ತದೆ. ವಿಂಡೋಸ್‌ನ ಕಾಪಿ ಕಮಾಂಡ್ ರೋಬೋಕಾಪಿಯಲ್ಲಿ ಎಂಟಿ ಸ್ವಿಚ್ ಕೊಡಿ, ಒಟ್ಟಿಗೆ ಎಂಟು ಫೈಲ್ ಹೋಗುತ್ತವೆ. ಇಲ್ಲವಾದರೆ ಜಿಪ್ ಮಾಡಿ ಒಂದೇ ಫೈಲ್ ಆಗಿ ಕಳಿಸಿ.

ಕದ್ರಿ_ರ್ಯಾಕ್
ಡೆಬಿಯನ್ ಪಿಸಿಗೆ ಎಸ್‌ಎಸ್‌ಡಿ ಹಾಕಿ. ನನ್ನಲ್ಲಿ ಎರಡು ಉಂಟು, ಕ್ಯಾಶ್‌ಗೆ (ಡೇಟಾ ಬೇಗ ಸಿಗುವ ಹಾಗೆ ಇಡಲು) ಅಂತಲೇ.

ಪೆಂಗ್ವಿನ್_ಪುತ್ತೂರು
ಗಿಗಾಬಿಟ್ ತಂತಿಯಲ್ಲಿ ಮನೆ ವಿಡಿಯೋಗೆ ಕ್ಯಾಶ್ ಯಾಕೆ? ಅವರ ಹಾರ್ಡ್ ಡಿಸ್ಕೇ ತಂತಿಗಿಂತ ಜೋರಾಗಿ ಬರೆಯುತ್ತದೆ.

ಕದ್ರಿ_ರ್ಯಾಕ್
ಫೋಟೋಗೆ ಹೇಳಿದ್ದು, ವಿಡಿಯೋಗಲ್ಲ. ಓದಿ ಉತ್ತರ ಬರೆಯಿರಿ.

ಮಲ್ಪೆ_ಕ್ಯಾಮೆರಾ
ರೋಬೋಕಾಪಿ ನಾಳೆ ನೋಡುತ್ತೇನೆ. ಈಗ ಜ್ಯಾಕ್ ತರಲು ಉಡುಪಿಗೆ ಹೊರಟೆ. ನಾಡಿದ್ದು ಬ್ರಹ್ಮಾವರದ ಹತ್ತಿರ ಇಡೀ ರಾತ್ರಿಯ ಆಟ ಉಂಟು, ಅಷ್ಟರೊಳಗೆ ಡಬ್ಬಿ ಆಗಬೇಕು. ಪಂಚ್ ಮಾಡುವ ಟೂಲ್ ಮಲ್ಪೆ ಕಡೆ ಯಾರ ಹತ್ತಿರವಾದರೂ ಇದೆಯಾ? ಒಂದು ದಿನದ ಮಟ್ಟಿಗೆ ಸಾಕು.