ಕಬಡ್ಡಿ ಆಡುವಾಗ ಎಸಿಎಲ್ ಹರಿದಿದೆ, ಆಪರೇಷನ್ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಮದ್ದೂರು ಕಡೆಯಿಂದ)

ನನ್ನ ತಮ್ಮನಿಗೆ 21 ವರ್ಷ. ಕಾಲೇಜು ಕಬಡ್ಡಿ ತಂಡದಲ್ಲಿ ರೈಡರ್. ಹೋದ ತಿಂಗಳು ಮ್ಯಾಚಿನಲ್ಲಿ ಎದುರಾಳಿ ಪಾದ ಹಿಡಿದುಕೊಂಡಾಗ ಬಿಡಿಸಿಕೊಳ್ಳಲು ತಿರುಗಿದ. ಮಂಡಿಯೊಳಗೆ ‘ಟಪ್’ ಅಂತ ಸದ್ದಾಯಿತಂತೆ. ಸಂಜೆಯೊಳಗೆ ಮಂಡಿ ಊದಿಕೊಂಡಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐನಲ್ಲಿ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಅಂದರೆ ಗಟ್ಟಿ ಪಟ್ಟಿ) ಪೂರ್ತಿ ಹರಿದಿದೆ ಅಂತ ಬಂದಿದೆ. ಈಗ ಊತ ಇಳಿದಿದೆ, ನಡೆದಾಡುತ್ತಾನೆ. ಒಬ್ಬ ಡಾಕ್ಟರು ಆಪರೇಷನ್ ಬೇಕೇ ಬೇಕು ಅಂದರು. ಇನ್ನೊಬ್ಬರು ಮೊದಲು ಫಿಸಿಯೋ ಮಾಡಿಸಿ ಅಂದರು. ಅಜ್ಜಿ ಮಾತ್ರ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬನ್ನಿ ಅನ್ನುತ್ತಿದ್ದಾರೆ. ಅವನಿಗೆ ಮತ್ತೆ ಆಡಬೇಕು ಅನ್ನೋದೊಂದೇ ಹಟ. ಇದನ್ನು ಅನುಭವಿಸಿದವರು ದಯವಿಟ್ಟು ಬರೆಯಿರಿ.

ವಾಲಿಬಾಲ್ ಆಟಗಾರ್ತಿ, ಹಾಸನ

ನನಗೂ ಎಸಿಎಲ್ ಆಪರೇಷನ್ ಆಗಿದೆ. ನಾನು ಮತ್ತೆ ಆಡುತ್ತಿದ್ದೇನೆ. ನಿಮ್ಮ ತಮ್ಮನಿಗೆ ಮೊದಲು ಇದನ್ನು ಹೇಳಿ, ಧೈರ್ಯ ಬರುತ್ತದೆ.

ಹರಿದ ಎಸಿಎಲ್ ಅನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ನಮ್ಮದೇ ಮೈಯಿಂದ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಗಟ್ಟಿ ನಾರು) ತೆಗೆದು ಆ ಜಾಗದಲ್ಲಿ ಹೊಸದಾಗಿ ಕೂರಿಸುತ್ತಾರೆ. ನನಗೆ ತೊಡೆಯ ಹಿಂಭಾಗದಿಂದ ತೆಗೆದರು. ಕೆಲವರಿಗೆ ಮಂಡಿಚಿಪ್ಪಿನ ಕೆಳಗಿನಿಂದ ತೆಗೆಯುತ್ತಾರೆ. ಇದೆಲ್ಲ ಸಣ್ಣ ತೂತುಗಳ ಮೂಲಕ ನಡೆಯುತ್ತದೆ, ಹಾಗಾಗಿ ಹೊರಗಿನ ಗಾಯ ಬೇಗ ಮಾಯುತ್ತದೆ. ಜನ ಮೋಸ ಹೋಗುವುದು ಅಲ್ಲೇ. ಗಾಯ ಮಾಯಿತು ಅಂದರೆ ಮಂಡಿ ಸರಿಹೋಯಿತು ಅಂತಲ್ಲ.

ಆಪರೇಷನ್‌ಗೆ ಮೊದಲೇ ನನ್ನ ಡಾಕ್ಟರು ಒಂದು ಷರತ್ತು ಹಾಕಿದ್ದರು. ಊತ ಪೂರ್ತಿ ಇಳಿಯಬೇಕು, ಕಾಲು ನೆಟ್ಟಗೆ ಚಾಚಲು ಬರಬೇಕು, ತೊಡೆಗೆ ಶಕ್ತಿ ಬರಬೇಕು. ಆಮೇಲೇ ಆಪರೇಷನ್. ಬಿಗಿದ ಮಂಡಿಗೆ ಆಪರೇಷನ್ ಮಾಡಿದರೆ ಆಮೇಲೂ ಬಿಗಿಯಾಗೇ ಉಳಿಯುವ ಸಾಧ್ಯತೆ ಜಾಸ್ತಿ.

ಆಪರೇಷನ್ ಆದಮೇಲೆ ಮೊದಲ ಕೆಲವು ವಾರ ಊರುಗೋಲು. ಆಗ ಕಾಲು ಚಾಚುವುದು, ತೊಡೆಯ ಸ್ನಾಯು ಬಿಗಿ ಹಿಡಿಯುವುದು, ಇಷ್ಟೇ ಕೆಲಸ. ತೊಡೆ ಎಷ್ಟು ಸಣ್ಣಗಾಗುತ್ತದೆ ಅಂದರೆ ನೋಡಿ ಅಳು ಬರುತ್ತದೆ. ಅದು ಎಲ್ಲರಿಗೂ ಆಗುತ್ತದೆ, ಹೆದರಬೇಡಿ. ನಿಜವಾಗಿ ಹುಷಾರಾಗಿರಬೇಕಾದದ್ದು ಮೂರು, ನಾಲ್ಕನೇ ತಿಂಗಳಲ್ಲಿ. ನೋವಿರುವುದಿಲ್ಲ, ಓಡಬಹುದು ಅನಿಸುತ್ತದೆ. ಗೆಳೆಯರು ಗ್ರೌಂಡಿಗೆ ಕರೆಯುತ್ತಾರೆ. ಆದರೆ ಹೊಸ ಟೆಂಡನ್‌ಗೆ ಆಗಿನ್ನೂ ರಕ್ತನಾಳ ಬೆಳೆಯುತ್ತಿರುತ್ತವೆ, ಅದು ಪೂರ್ತಿ ಗಟ್ಟಿಯಾಗಿರುವುದಿಲ್ಲ. ರಿಷಭ್ ಪಂತ್ 2022ರ ಡಿಸೆಂಬರ್ 30ರ ಅಪಘಾತದಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡವರು 2024ರ ಮಾರ್ಚ್‌ನಲ್ಲಿ ಐಪಿಎಲ್ ಆಡಿದರು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಅಷ್ಟು ಜನ ನೋಡಿಕೊಂಡರೂ ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅವರ ಪೆಟ್ಟು ದೊಡ್ಡದು, ನಿಜ. ಆದರೂ ನಾಲ್ಕು ತಿಂಗಳಿಗೆ ಮ್ಯಾಟ್ ಹತ್ತುತ್ತೇನೆ ಅನ್ನುವ ಹುಡುಗರಿಗೆ ನಾನು ಅವರದೇ ಉದಾಹರಣೆ ಕೊಡುತ್ತೇನೆ.

ರೈತರು, ಚನ್ನರಾಯಪಟ್ಟಣ

ನಾನು ಮಾಡಿಸಲಿಲ್ಲ. ನಾನೂ ಕಬಡ್ಡಿ ಆಡುತ್ತಿದ್ದವನೇ. ಆಟ ಬಿಡುವುದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಮನೆ, ಹೊಲ ನೋಡಿಕೊಳ್ಳಬೇಕಿತ್ತು. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಬಿಡದೆ ಮಾಡಿದೆ. ಇವತ್ತಿಗೂ ಸೈಕಲ್ ತುಳಿಯುತ್ತೇನೆ, ಮೂಟೆ ಹೊರುತ್ತೇನೆ. ಗದ್ದೆ ಬದುವಿನ ಮೇಲೆ ಮಾತ್ರ ನೋಡಿಕೊಂಡು ಹೆಜ್ಜೆ ಇಡಬೇಕು. ವ್ಯಾಯಾಮ ಕೆಲವು ವಾರ ಬಿಟ್ಟರೆ ಮಂಡಿ ಸಡಿಲ ಅನಿಸಲು ಶುರುವಾಗುತ್ತದೆ. ಕಬಡ್ಡಿ ಆಡಲೇಬೇಕು ಅನ್ನುವವನಿಗೆ ನನ್ನ ದಾರಿ ಹೇಳಲಾರೆ ತಮ್ಮಾ.

ಫಿಸಿಯೋಥೆರಪಿಸ್ಟ್, ಮೈಸೂರು

ಇಬ್ಬರು ಡಾಕ್ಟರೂ ಸರಿಯಾಗಿಯೇ ಹೇಳಿದ್ದಾರೆ. ಸ್ವೀಡನ್ನಿನಲ್ಲಿ 121 ಯುವಕ ಯುವತಿಯರ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಬಂತು. ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್ ಅಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಎರಡು ವರ್ಷದವರೆಗೆ ಆಪರೇಷನ್ ಬೇಕಾಗಲಿಲ್ಲ. ಆದರೆ ಕಬಡ್ಡಿ ಬೇರೆ. ಓಡುತ್ತಾ ಗಕ್ಕನೆ ನಿಲ್ಲಬೇಕು, ತಿರುಗಬೇಕು, ಮೇಲೆ ನಾಲ್ಕು ಜನ ಬೀಳುತ್ತಾರೆ. ಅಂಥ ಆಟಕ್ಕೆ ವಾಪಸ್ ಹೋಗಬೇಕು ಅನ್ನುವ 21ರ ಹುಡುಗನಿಗೆ ಸಾಮಾನ್ಯವಾಗಿ ಆಪರೇಷನ್ ಕಡೆಗೇ ತೂಕ ಬೀಳುತ್ತದೆ. ಎಂಆರ್‌ಐ ರಿಪೋರ್ಟಿನಲ್ಲಿ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಬಗ್ಗೆ ಏನು ಬರೆದಿದೆ ಅಂತ ಕೇಳಿ ತಿಳಿದುಕೊಳ್ಳಿ. ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಂಡು ಚಾಚಲು ಬಾರದಿದ್ದರೆ ಕಾಯಬಾರದು, ಬೇಗ ತೋರಿಸಬೇಕು.

ಅಜ್ಜಿಯ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಎಸಿಎಲ್ ಇರುವುದು ಕೀಲಿನ ಒಳಗೆ. ಹೊರಗಿನ ಕಟ್ಟು ಅದನ್ನು ಕೂಡಿಸುವುದಿಲ್ಲ. ವಾರಗಟ್ಟಲೆ ಕಟ್ಟಿಟ್ಟರೆ ಮಂಡಿ ಬಿಗಿಯುತ್ತದೆ, ತೊಡೆ ಇನ್ನೂ ಸಣ್ಣಗಾಗುತ್ತದೆ. ಪೆಟ್ಟು ಬಿದ್ದ ಹೊಸದರಲ್ಲಿ ಬಿಸಿ ಎಣ್ಣೆ ಹಾಕಿ ನೀವಿದರೆ ಊತ ಹೆಚ್ಚುತ್ತದೆ. ಎಂಆರ್‌ಐ ಚಿತ್ರ ತೋರಿಸಿ ಅಜ್ಜಿಗೆ ನಿಧಾನವಾಗಿ ಹೇಳಿ. ಒಪ್ಪುತ್ತಾರೆ.

ಆಟಕ್ಕೆ ಮರಳುವ ವಿಷಯ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಆಪರೇಷನ್ ಆಗಿ 9 ತಿಂಗಳಾಗುವವರೆಗೆ ಒಂದೊಂದು ತಿಂಗಳು ತಡ ಮಾಡಿದಷ್ಟೂ ಮತ್ತೆ ಪೆಟ್ಟಾಗುವ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬರೀ ತಿಂಗಳು ಎಣಿಸಿದರೆ ಸಾಲದು. ಪೆಟ್ಟಾದ ಕಾಲಿಗೆ ಇನ್ನೊಂದು ಕಾಲಿನ ಕನಿಷ್ಠ ಶೇಕಡಾ 90ರಷ್ಟು ಶಕ್ತಿ ಬಂದಿರಬೇಕು. ಒಂಟಿಕಾಲಲ್ಲಿ ಜಿಗಿದು ಅಲುಗಾಡದೆ ನಿಲ್ಲಬೇಕು. ಈ ಪರೀಕ್ಷೆಗಳನ್ನು ಮಾಡಿಸದೆ ‘ಆಡಬಹುದು’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆಸ್ಪತ್ರೆ ಆರಿಸುವಾಗಲೂ ಆಮೇಲಿನ ಫಿಸಿಯೋ ಯಾರು ನೋಡುತ್ತಾರೆ, ಎಷ್ಟು ತಿಂಗಳು ನೋಡುತ್ತಾರೆ ಅಂತ ಮೊದಲು ಕೇಳಿ.

ಅಥ್ಲೀಟ್ ಮಗಳ ತಂದೆ, ದಾವಣಗೆರೆ

ದುಡ್ಡಿನ ವಿಷಯ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬಿಪಿಎಲ್ ಕಾರ್ಡ್ ಇದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆರೋಗ್ಯಮಿತ್ರ ಅಂತ ಇರುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ನಿಮ್ಮ ತಮ್ಮನ ಆಪರೇಷನ್ ಬರುತ್ತದಾ ಅಂತ ಅವರನ್ನೇ ಕೇಳಿ. ರೆಫರಲ್ ಪತ್ರ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಆಮೇಲೆ ತೊಂದರೆ. ನಿಮಗೆ ಮಂಡ್ಯದ ಸರ್ಕಾರಿ ಮಿಮ್ಸ್ ಆಸ್ಪತ್ರೆ ಹತ್ತಿರ. ಬೆಂಗಳೂರು ಆದರೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ.

ಖಾಸಗಿಯಲ್ಲಿ ಮಾಡಿಸುವುದಾದರೆ ಅಂದಾಜು ಖರ್ಚನ್ನು ಬರವಣಿಗೆಯಲ್ಲಿ ಕೇಳಿ. ಸ್ಕ್ರೂ, ಬ್ರೇಸ್ ಎಲ್ಲ ಸೇರಿದೆಯಾ ಅಂತ ನೋಡಿ. ಫಿಸಿಯೋ ಖರ್ಚು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ತಿಂಗಳುಗಟ್ಟಲೆ ಬಸ್ ಚಾರ್ಜೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕೈಲಿದ್ದದ್ದನ್ನೆಲ್ಲ ಆಪರೇಷನ್‌ಗೇ ಸುರಿದು ಆಮೇಲೆ ಫಿಸಿಯೋ ನಿಲ್ಲಿಸಿದ ಮಕ್ಕಳನ್ನು ನೋಡಿದ್ದೇನೆ. ಬಹಳ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೆರಡು ಮಾತು. ಅವನಿಗೆ ಮುಂದಿನ ತಿಂಗಳು ಪರೀಕ್ಷೆ ಇದೆ, ಅಲ್ಲಿವರೆಗೆ ಕಾಯಬಹುದಾ? ಮಂಡಿ ಕೆಳಗೆ ದಿಂಬು ಇಟ್ಟುಕೊಂಡು ಮಲಗಿದರೆ ಹಾಯಾಗಿರುತ್ತದೆ ಅನ್ನುತ್ತಾನೆ, ಸರಿನಾ?

ಫಿಸಿಯೋಥೆರಪಿಸ್ಟ್, ಮೈಸೂರು

ಮಂಡಿ ಸಿಕ್ಕಿಹಾಕಿಕೊಳ್ಳುತ್ತಿಲ್ಲ, ಡಾಕ್ಟರೂ ಒಪ್ಪಿದ್ದಾರೆ ಅಂದರೆ ಕಾಯಬಹುದು. ಆ ತಿಂಗಳನ್ನು ಸುಮ್ನೆ ಕಳೆಯಬೇಡಿ, ಈಗಿನಿಂದಲೇ ವ್ಯಾಯಾಮ ಶುರುವಾಗಲಿ. ಆಟ, ಜಿಗಿತ ಬೇಡವೇ ಬೇಡ. ಮಂಡಿ ಒಂದೊಂದು ಸಲ ಜಾರಿದಾಗಲೂ ಮೆನಿಸ್ಕಸ್‌ಗೆ ಪೆಟ್ಟು ಬೀಳಬಹುದು. ದಿಂಬನ್ನು ಮಂಡಿ ಕೆಳಗೆ ಇಡಬೇಡಿ, ಹಿಮ್ಮಡಿ ಕೆಳಗೆ ಇಡಿ. ಹಾಯಾಗಿರುವುದಿಲ್ಲ, ಆದರೆ ಕಾಲು ನೆಟ್ಟಗಾಗುತ್ತದೆ. ಆಪರೇಷನ್ ಆದಮೇಲೆ ಮೀನಖಂಡ ಊದಿ ನೋವಾದರೆ, ಜ್ವರ ಬಂದರೆ, ಗಾಯದಿಂದ ಕೀವು ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಉಸಿರಾಡಲು ಕಷ್ಟವಾದರೆ ಅಥವಾ ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿ.